ವಿಭೂತಿಯ ಬಿಳುಪು ಚಿತ್ರದಲ್ಲಿ ಉಳಿಯಬೇಕಾದರೆ

ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಯಿಂದ ಮುಂಜಾನೆ ಹೊರಟರೆ, ಅಂಕೋಲೆಯನ್ನು ದಾಟಿ ಅಚವೆಯ ದಾರಿ ಹಿಡಿದು, ಮಾಬಗಿಯ ವಿಭೂತಿ ಜಲಪಾತವನ್ನು ಕಂಡು ಸಂಜೆಗೆ ಮರಳಬಹುದು. ಜೋಗದ 253 ಮೀಟರ್, ಉಂಚಳ್ಳಿಯ 116 ಮೀಟರ್ ಎತ್ತರದ ಮುಂದೆ ಇದು ಪುಟ್ಟದೇ ಸರಿ. ಆದರೆ ಇಲ್ಲಿ ಸುಣ್ಣಕಲ್ಲಿನ ಬಿಳಿಯ ಬಂಡೆಯ ಮೇಲೆ ಬೆಳ್ಳನೆಯ ನೀರು ಇಳಿಯುತ್ತದೆ. ಜಲಪಾತಕ್ಕೆ ಹೆಸರು ಬಂದದ್ದು ಆ ಬಿಳುಪಿನಿಂದಲೇ. ಭಸ್ಮಾಸುರನ ಐತಿಹ್ಯವುಳ್ಳ ಯಾಣವೂ ಸಮೀಪದಲ್ಲಿದೆ. ಅಷ್ಟಾವರಣಗಳಲ್ಲೊಂದಾದ ವಿಭೂತಿಯನ್ನು ನಿತ್ಯ ಧರಿಸುವ ಮನೆಗಳವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ಒಮ್ಮೆ ನೋಡಿಬರೋಣವೆನಿಸುವುದು ಸಹಜ.

ನಮ್ಮ ತಾಯಿಯವರಿಗೂ ಹಾಗೆಯೇ ಅನಿಸಿತ್ತು. ಕೊನೆಯ ಹಾದಿಯನ್ನು ನಡೆದೇ ಕ್ರಮಿಸಬೇಕು. ಮೊಣಕಾಲು ನೋವಿನಿಂದ ಅವರಿಗೆ ಅದು ಸಾಧ್ಯವಿರಲಿಲ್ಲ. ಚಿತ್ರವನ್ನಾದರೂ ತಂದು ತೋರಿಸುತ್ತೇನೆಂದು ಮಾತು ಕೊಟ್ಟು ಹೋದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಇಪ್ಪತ್ತು ಚಿತ್ರ ತೆಗೆದು ತಂದೆ. ಕನ್ನಡಕ ಏರಿಸಿ ನೋಡಿದ ಧಾರವಾಡ ಸೀಮೆಯ ಆ ಹಿರಿಯ ಜೀವ, “ತಮ್ಮಾ, ಇದು ನೀರೋ, ಒಣಹಾಕಿದ ಧೋತರೋ?” ಎಂದು ಕೇಳಿಬಿಟ್ಟಿತು!

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಂಡೆ ಯಾವುದು, ನೀರು ಯಾವುದು ತಿಳಿಯದಂತೆ ಎಲ್ಲವೂ ಒಂದೇ ಬಿಳುಪಾಗಿತ್ತು. ಕಾರಣ ಇಷ್ಟೇ: ಕ್ಯಾಮೆರಾ ತನ್ನ ಮುಂದಿನ ದೃಶ್ಯವನ್ನೆಲ್ಲ ನಡುಮಟ್ಟದ ಬೂದುಬಣ್ಣಕ್ಕೆ ತರಲು ಯತ್ನಿಸುತ್ತದೆ. ಸುತ್ತ ಕಪ್ಪು ಕಾಡು ತುಂಬಿರುವಾಗ ಅದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಕಾಡು ತಿಳಿಯಾಗುತ್ತದೆ, ನೀರು ಸುಟ್ಟುಹೋಗುತ್ತದೆ. ಹಾಗೆ ಸುಟ್ಟ ಬಿಳುಪಿನಲ್ಲಿ ವಿವರವೇ ದಾಖಲಾಗಿರುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಅದು ಮರಳದು. ಬಿಳುಪನ್ನು ಕಾಪಾಡುವ ಕೆಲಸ ಜಲಪಾತದ ಮುಂದೆಯೇ ಆಗಬೇಕು.

ಎರಡನೆಯ ಸಲ ಮೋಡ ಕವಿದ ಬೆಳಗನ್ನು ಆರಿಸಿಕೊಂಡೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ತಗ್ಗಿಸಿದೆ, ಐಎಸ್‌ಒ 100ಕ್ಕೆ ಇಳಿಸಿದೆ, ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದೆ. ಷಟರ್ ವೇಗ 1/500 ಸೆಕೆಂಡ್ ಇದ್ದರೆ ಹನಿಗಳು ಗಾಳಿಯಲ್ಲಿ ನಿಂತಂತೆ ಕಾಣುತ್ತವೆ. ಒಂದೆರಡು ಸೆಕೆಂಡಿಗೆ ಎಳೆದರೆ ನೀರು ಹಾಲಿನ ಕೆನೆಯಂತಾಗುತ್ತದೆ. ಈಗಿನವರಿಗೆ ಆ ಕೆನೆಯ ಮೇಲೇ ಮೋಹ; ನನಗೆ ಅದು ಹಿಡಿಸದು. 1/8 ಸೆಕೆಂಡಿನ ಆಸುಪಾಸಿನಲ್ಲಿ ನೀರಿನ ಎಳೆಗಳೂ ಉಳಿದವು, ಹರಿವೂ ಕಂಡಿತು. ಪೋಲರೈಸರ್ ಫಿಲ್ಟರ್ ತಿರುಗಿಸಿದಾಗ ಒದ್ದೆ ಕಲ್ಲಿನ ಹೊಳಪು ಅಡಗಿ ಅದರ ನಿಜಬಣ್ಣ ಮೂಡಿತು. ಲೆನ್ಸಿನ ಮೇಲೆ ತುಂತುರು ಕೂರುತ್ತಲೇ ಇರುತ್ತದೆ, ಮೆತ್ತನೆಯ ಅರಿವೆ ಜೇಬಿನಲ್ಲಿರಲಿ.

ಮನೆಯಲ್ಲಿ ತಿದ್ದಿದ್ದು ಸ್ವಲ್ಪವೇ. ವಾಲಿದ್ದ ಚೌಕಟ್ಟನ್ನು ನೇರ ಮಾಡಿದೆ, ನೆರಳಿನಿಂದ ಬಂದಿದ್ದ ನೀಲಿಛಾಯೆಯನ್ನು ತೆಗೆದೆ, ಕಾಡಿನ ಕತ್ತಲೆಯನ್ನು ತುಸು ತಿಳಿಗೊಳಿಸಿದೆ. ಎಲೆಗಳಿಗೆ ಗಿಳಿಹಸಿರು ಬಳಿಯುವ ಗೋಜಿಗೆ ಹೋಗಲಿಲ್ಲ. ತಾಯಿಗೆ ತೋರಿಸುವ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವುದೇ?

ಹೋಗುವ ಬಂಧುಗಳು ಮಳೆಗಾಲ ಇಳಿದ ಮೇಲೆಯೇ ಹೋಗಿರಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಈ ಸೀಮೆಯವರು ಮರೆತಿಲ್ಲ. ಜಲಪಾತದ ಬುಡದ ಕಲ್ಲುಗಳಂತೂ ಎಲ್ಲ ಕಾಲದಲ್ಲೂ ಜಾರುತ್ತವೆ.

ಹೊಸ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ತಾಯಿಯವರ ಕೈಗಿತ್ತೆ. ಬಹಳ ಹೊತ್ತು ನೋಡಿದರು. ಬಂಡೆಯ ಗೆರೆಗಳ ಮೇಲೆ ಬೆರಳಾಡಿಸುತ್ತ ಕೆಳಗಿನ ಮೂಲೆಗೆ ಬಂದು ನಿಂತರು.

“ಈ ಕಲ್ಲಿಗೆ ಪಾಚಿ ಕಟ್ಟೇತಲ್ಲೋ ತಮ್ಮಾ. ನೀ ಎಲ್ಲಿ ನಿಂತಿದ್ದಿ?”