ಕಾಣದ ಸವಕಳಿಗೂ ಲೆಕ್ಕ ಬೇಕು

ಕಚೇರಿ, ಬ್ಯಾಂಕು, ಗ್ರಂಥಾಲಯಗಳಲ್ಲಿ ಬಳಕೆಗೆ ಬಂದಿರುವ ‘ಥಿನ್ ಕ್ಲೈಂಟ್’ ಎಂಬ ಪುಟ್ಟ ಕಂಪ್ಯೂಟರುಗಳ ಬಗ್ಗೆ ಒಂದು ಮಾತು ಪ್ರಚಾರದಲ್ಲಿದೆ: ಇವುಗಳಲ್ಲಿ ತಿರುಗುವ ಡಿಸ್ಕ್ ಇಲ್ಲ, ಆದ್ದರಿಂದ ಸವೆಯುವುದೂ ಇಲ್ಲ. ಮಾತಿನ ಮೊದಲರ್ಧ ನಿಜ, ಉಳಿದರ್ಧ ನಿಜವಲ್ಲ.

ಥಿನ್ ಕ್ಲೈಂಟಿನ ಮುಖ್ಯ ಕೆಲಸವೆಲ್ಲ ದೂರದ ಸರ್ವರಿನಲ್ಲಿ ನಡೆಯುತ್ತದೆ. ಮೇಜಿನ ಮೇಲಿನ ಪೆಟ್ಟಿಗೆಯಲ್ಲಿರುವುದು ಆಪರೇಟಿಂಗ್ ಸಿಸ್ಟಂ ಹಿಡಿಸುವಷ್ಟು ಸಣ್ಣ ಫ್ಲಾಶ್ ಮೆಮೊರಿ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಈ ಮೆಮೊರಿ, ವಿದ್ಯುತ್ ಹೋದರೂ ಬರೆದುದನ್ನು ಮರೆಯುವುದಿಲ್ಲ. ಆದರೆ ಅಳಿಸಿ ಬರೆದಾಗಲೆಲ್ಲ ಅದರೊಳಗಿನ ತೆಳುವಾದ ಆಕ್ಸೈಡ್ ಪದರ ತುಸು ಹದಗೆಡುತ್ತದೆ. ಕೋಶಕ್ಕೆ ಒಂದೇ ಬಿಟ್ ಇಡುವ ದುಬಾರಿ ಚಿಪ್ ಸುಮಾರು 1 ಲಕ್ಷ ಬಾರಿ ಇದನ್ನು ತಾಳಿಕೊಂಡರೆ, ಮೂರು ಬಿಟ್ ತುಂಬುವ ಅಗ್ಗದ ಚಿಪ್ ಕೆಲವೇ ಸಾವಿರ ಬಾರಿಗೆ ಸೋಲುತ್ತದೆ. ಅಳಿಸುವಿಕೆ ದೊಡ್ಡ ಖಂಡಗಳಲ್ಲಿಯೇ ನಡೆಯಬೇಕಾದ್ದರಿಂದ ಸಣ್ಣ ಬರಹಕ್ಕೂ ದೊಡ್ಡ ಬೆಲೆ ತೆರಬೇಕಾಗುತ್ತದೆ.

ಇದು ಕೇವಲ ಪುಸ್ತಕದ ಭಯವಲ್ಲ. 2021ರಲ್ಲಿ ಟೆಸ್ಲಾ ಕಂಪೆನಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವುಗಳ ಪರದೆಯನ್ನು ನಡೆಸುವ ಕಂಪ್ಯೂಟರಿನ 8 ಜಿಬಿ ಫ್ಲಾಶ್ ಮೆಮೊರಿ ಬರೆದು ಬರೆದೇ ಸವೆದು, ಹಿನ್ನೋಟದ ಕ್ಯಾಮೆರಾದ ಚಿತ್ರವೂ ಕಾಣದಂತಾಗುತ್ತಿತ್ತು. ಇಡೀ ಕಾರು ಗಟ್ಟಿಯಾಗಿದ್ದರೂ ಉಗುರಿನಷ್ಟಗಲದ ಚಿಪ್ ಅದನ್ನು ದುರಸ್ತಿಗೆ ಎಳೆದಿತ್ತು.

ಥಿನ್ ಕ್ಲೈಂಟಿಗೆ ಇದರಿಂದ ರಕ್ಷಣೆ ಒದಗಿಸುವುದು ‘ರೈಟ್ ಫಿಲ್ಟರ್’. ವಿಂಡೋಸ್ ಎಕ್ಸ್‌ಪಿ ಎಂಬೆಡೆಡ್ ಕಾಲದಿಂದ ಇರುವ ಈ ಉಪಾಯಕ್ಕೆ ಇಂದಿನ ವಿಂಡೋಸ್‌ನಲ್ಲಿ ‘ಯೂನಿಫೈಡ್ ರೈಟ್ ಫಿಲ್ಟರ್’ ಎಂಬ ಹೆಸರಿದೆ. ಲಿನಕ್ಸ್‌ನಲ್ಲಿ ‘ಓವರ್‌ಲೇ’ ಪದ್ಧತಿಯುಂಟು. ಫ್ಲಾಶ್‌ಗೆ ಹೋಗಬೇಕಾದ ಬರಹವನ್ನು ಇದು ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನತ್ತ ತಿರುಗಿಸುತ್ತದೆ. ಖಾತೆ ಪುಸ್ತಕದ ಬದಲು ಸ್ಲೇಟಿನ ಮೇಲೆ ಬರೆದು, ಸಂಜೆ ಒರೆಸಿಹಾಕಿದಂತೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದು ಮೊದಲಿನ ಸ್ಥಿತಿಗೆ ಮರಳುತ್ತದೆ. ನಡುವೆ ಹೊಕ್ಕ ವೈರಸ್ಸೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಆದರೆ ಯಾವ ರಕ್ಷಣೆಯೂ ಬಿಟ್ಟಿ ಸಿಗುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಸ್ಲೇಟು ಒರೆಸಿದಾಗ ಬೇಕಾದುದೂ ಅಳಿಯುತ್ತದೆ. ಫಿಲ್ಟರ್ ಚಾಲ್ತಿಯಲ್ಲಿರುವಾಗ ಸುಮ್ಮನೆ ಹಾಕಿದ ಭದ್ರತಾ ಅಪ್‌ಡೇಟ್ ಉಳಿಯುವುದಿಲ್ಲ. ಅದಕ್ಕಾಗಿ ನಿಗದಿತ ದಿನ ಫಿಲ್ಟರ್ ತೆಗೆದು, ಅಪ್‌ಡೇಟ್ ಹಾಕಿ, ಮತ್ತೆ ಕಾವಲಿಡುವ ಶಿಸ್ತು ಬೇಕು. ಇನ್ನೂ ಗಂಭೀರವಾದುದು ದಾಖಲೆಯ ಪ್ರಶ್ನೆ. ಯಾರು, ಯಾವಾಗ ಯಂತ್ರವನ್ನು ಬಳಸಿದರೆಂಬ ಲಾಗ್ ಕೂಡ ಮಾಯವಾದರೆ, ನಾಳೆ ಲೆಕ್ಕಪರಿಶೋಧಕರಿಗೆ ತೋರಿಸುವುದೇನನ್ನು? ಸಾರ್ವಜನಿಕ ಕಚೇರಿಯಲ್ಲಿ ಯಂತ್ರದ ಆಯುಷ್ಯಕ್ಕಾಗಿ ಉತ್ತರದಾಯಿತ್ವವನ್ನು ಬಲಿಗೊಡಲಾಗದು. ಆದ್ದರಿಂದ ಲಾಗ್ ಆಗಿಂದಾಗ್ಗೆ ಕೇಂದ್ರ ಸರ್ವರಿಗೆ ಹೋಗಿ ಸೇರಬೇಕು, ನೌಕರರ ಕಡತಗಳೂ ಅಲ್ಲಿಯೇ ಇರಬೇಕು. ರ್‍ಯಾಮ್‌ನಲ್ಲಿ ಮೀಸಲಿಟ್ಟ ಜಾಗ ತುಂಬಿದರೆ ಯಂತ್ರ ಕೆಲಸದ ನಡುವೆಯೇ ನಿಲ್ಲಬಹುದು. ಆ ಜಾಗವನ್ನೂ ಮೊದಲೇ ಅಂದಾಜಿಸಬೇಕು.

ನಾನು ಸೇವೆಯಲ್ಲಿದ್ದಾಗ ಕಂಡ ಖರೀದಿ ಕಡತಗಳಲ್ಲಿ ದರಪಟ್ಟಿಯ ಬಗ್ಗೆ ಪುಟಗಟ್ಟಲೆ ಚರ್ಚೆಯಿರುತ್ತಿತ್ತು, ನಿರ್ವಹಣೆಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಕೊಳ್ಳುವುದು ಬಂಡವಾಳ ವೆಚ್ಚ, ಅದು ಸಮಾರಂಭದಲ್ಲಿ ಕಾಣುತ್ತದೆ. ಕಾಪಾಡುವುದು ದಿನನಿತ್ಯದ ವೆಚ್ಚ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಟೆಂಡರಿನಲ್ಲಿಯೇ ನಾಲ್ಕು ಷರತ್ತುಗಳಿರಲಿ: ಚಿಪ್ ಯಾವ ಬಗೆಯದು, ಎಷ್ಟು ಬರವಣಿಗೆ ತಾಳುತ್ತದೆ, ರೈಟ್ ಫಿಲ್ಟರ್ ಇದೆಯೇ, ಅಪ್‌ಡೇಟ್ ಹಾಕುವ ಹೊಣೆ ಯಾರದು. ಈ ನಾಲ್ಕು ಸಾಲು ಬರೆಯಲು ಹೆಚ್ಚುವರಿ ಅನುದಾನವೇನೂ ಬೇಕಿಲ್ಲ. ಬರೆಯದಿದ್ದರೆ ಸವೆಯುವುದು ಚಿಪ್ ಮಾತ್ರವಲ್ಲ, ತೆರಿಗೆದಾರನ ಹಣವೂ ಹೌದು.