ಗ್ರಾಂನಿಂದ ಟನ್ನಿಗೆ: ಒಂದು ಬ್ಯಾಟರಿ ಪುಡಿಯ ಕಥೆ

ಹೊಸ ಬ್ಯಾಟರಿ ಬಂತು, ಐದು ನಿಮಿಷದಲ್ಲಿ ಚಾರ್ಜ್, ಸಾವಿರ ಕಿಲೋಮೀಟರ್ ಓಟ! ಇಂಥ ಸುದ್ದಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ತಿಂಗಳಿಗೊಮ್ಮೆಯಾದರೂ ಬರುತ್ತದೆ. ರಿಫೈನರಿ, ಸಿಮೆಂಟು, ಅಲ್ಯೂಮಿನಿಯಂ ಕಾರ್ಖಾನೆಗಳಲ್ಲಿ ದುಡಿಯುವ ನಾವು ಆಗ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಗ್ರಾಂ ಮಾಡಿದ್ದಾರೆ? ಡ್ರಾಯಿಂಗ್‌ನಲ್ಲಿ ಸರಿಯಿದ್ದ ಪ್ಲಾಂಟು ಕಮಿಷನಿಂಗ್ ದಿನ ಏನೇನು ಆಟ ಆಡುತ್ತದೆ ಎಂಬುದು ನಮಗೆ ಗೊತ್ತಿಲ್ಲವೇ?

ಇಂದು ಕಾರು, ರಿಕ್ಷಾ, ಸೋಲಾರ್ ಕೇಂದ್ರಗಳಲ್ಲಿ ಎಲ್ಲೆಲ್ಲೂ ಕಾಣುವ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನೇ ನೋಡಿ. 1997ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಇದರ ಬಗ್ಗೆ ಪ್ರಬಂಧ ಹೊರಬಂತು. ಬರೆದವರು ಮೂವರು: ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್. (ನಂಜುಂಡಸ್ವಾಮಿ ಎಂದೊಡನೆ ನಂಜನಗೂಡು ನೆನಪಾಗದ ಮೈಸೂರಿನವರುಂಟೇ!) ದುಬಾರಿ ಕೋಬಾಲ್ಟ್ ಬೇಡ, ಕಬ್ಬಿಣ ಸಾಕು, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಕೊರತೆಯೆಂದರೆ, ಈ ಪುಡಿಯಲ್ಲಿ ವಿದ್ಯುತ್ ಸರಿಯಾಗಿ ಹರಿಯದು. ಅದರಲ್ಲಿದ್ದ ಲಿಥಿಯಂನ ಸುಮಾರು ಶೇ. 60ರಷ್ಟನ್ನು ಮಾತ್ರ, ಅದೂ ಬಹಳ ನಿಧಾನವಾಗಿ, ಹೊರತೆಗೆಯಲು ಆಯಿತು.

ಇದಕ್ಕೆ ಮದ್ದು ಕೆನಡಾದಲ್ಲಿ ಸಿಕ್ಕಿತು. ಮಿಷೆಲ್ ಅರ್ಮಾಂ, ನತಾಲಿ ರಾವೆ ಮುಂತಾದವರು ಕಣಗಳಿಗೆ ಇಂಗಾಲದ ತೆಳುವಾದ ಅಂಗಿ ತೊಡಿಸಿದರು. ಆ ಇಂಗಾಲಕ್ಕೆ ಸಕ್ಕರೆ ಅಥವಾ ಗ್ಲೂಕೋಸ್ ಕೂಡ ಆದೀತು. ಪುಡಿಯೊಂದಿಗೆ ಕಲಸಿ ಬೇಯಿಸಿದರೆ ಸಕ್ಕರೆ ಕರಕಾಗಿ ಕಣದ ಸುತ್ತ ಅಂಟಿಕೊಳ್ಳುತ್ತದೆ. ಪಾಕ ಹತ್ತಿಸಿಕೊಂಡ ಪಾತ್ರೆ ಉಜ್ಜಿದ ಬ್ಯಾಚುಲರ್ ರೂಮಿನ ಗೆಳೆಯರಿಗೆ ಈ ರಸಾಯನಶಾಸ್ತ್ರ ಬಿಡಿಸಿ ಹೇಳಬೇಕಿಲ್ಲ.

ನಿಜವಾದ ತಾಪತ್ರಯ ಶುರುವಾಗುವುದು ಇಲ್ಲಿಂದ. ಪ್ರಯೋಗಾಲಯದಲ್ಲಿ ಐದು ಗ್ರಾಂ ಪುಡಿಯನ್ನು ಸಣ್ಣ ಕೊಳವೆಯಲ್ಲಿಟ್ಟು, ಸಾರಜನಕ ಹಾಯಿಸಿ, 700 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಕಾರ್ಖಾನೆಯಲ್ಲಿ ಪಿಂಗಾಣಿ ಅಥವಾ ಗ್ರಾಫೈಟ್ ತಟ್ಟೆಗಳಲ್ಲಿ ತುಂಬಿದ ಕಿಲೋಗಟ್ಟಲೆ ಪುಡಿ ರೋಲರುಗಳ ಮೇಲೆ ಉದ್ದನೆಯ ಕುಲುಮೆಯೊಳಗೆ ಸಾಗಬೇಕು. ಅಂಚಿನಲ್ಲಿರುವುದು ಬೇಗ ಕಾಯುತ್ತದೆ, ನಡುವಿನದು ತಡ. ಹೆಚ್ಚು ಬೆಂದರೆ ಕಣ ದಪ್ಪವಾಗುತ್ತದೆ, ಕಡಿಮೆಯಾದರೆ ಹಸಿ ಉಳಿಯುತ್ತದೆ. ಸೀಲು ಸಡಿಲವಾಗಿ ಗಾಳಿ ನುಗ್ಗಿದರೆ ಕಬ್ಬಿಣ ಆಕ್ಸಿಜನ್ ಹಿಡಿದು ಪುಡಿ ಕೆಡುತ್ತದೆ. ಗಿರಣಿ, ಪೈಪು, ವಾಲ್ವುಗಳಿಂದ ಸವೆದು ಬರುವ ಉಕ್ಕಿನ ಚೂರು ಇನ್ನೂ ದೊಡ್ಡ ಶತ್ರು. ಅದು ಸೆಲ್ಲಿನೊಳಗೆ ಶಾರ್ಟ್ ಮಾಡಬಲ್ಲದು. ಅದಕ್ಕಾಗಿ ದಾರಿಯುದ್ದಕ್ಕೂ ಅಯಸ್ಕಾಂತಗಳನ್ನಿಟ್ಟು, ನೂರು ಕೋಟಿ ಭಾಗದಲ್ಲಿ ಎಷ್ಟು ಭಾಗ ಲೋಹವಿದೆ ಎಂದು ಲೆಕ್ಕ ಹಾಕುತ್ತಾರೆ. ಸೆಲ್ ಜೋಡಿಸುವ ಕೋಣೆಯ ಡ್ಯೂ ಪಾಯಿಂಟ್ ಮೈನಸ್ 40 ಡಿಗ್ರಿಯ ಹತ್ತಿರ ಇರಬೇಕು. ಆಗಸ್ಟ್ ತಿಂಗಳ ಇಲ್ಲಿನ ತೇವದಲ್ಲಿ ಎಸಿ ಪ್ಲಾಂಟು ನಡೆಸಿದವರು ಇದರ ಕಷ್ಟ ಊಹಿಸಬಲ್ಲರು.

ಇನ್ನೊಂದು ಲೆಕ್ಕ. ಪ್ರತಿ ಹಂತದಲ್ಲೂ ನೂರಕ್ಕೆ 99 ಸರಿಬಂದರೆ ನಾವು ಬೆನ್ನು ತಟ್ಟಿಕೊಳ್ಳುತ್ತೇವೆ. ಅಂಥ ಇಪ್ಪತ್ತು ಹಂತ ದಾಟುವಷ್ಟರಲ್ಲಿ ಉಳಿಯುವುದು 82 ಮಾತ್ರ. ಉಳಿದದ್ದು ಗುಜರಿಗೆ.

ಎಂಐಟಿಯ ಪ್ರಾಧ್ಯಾಪಕ ಯೆಟ್-ಮಿಂಗ್ ಚಿಯಾಂಗ್ ಮತ್ತಿತರರು 2001ರಲ್ಲಿ ಕಟ್ಟಿದ ಎ123 ಸಿಸ್ಟಮ್ಸ್ ಕಂಪನಿ ಇದೇ ಎಲ್‌ಎಫ್‌ಪಿಯನ್ನು ನಂಬಿ ಬೆಳೆದಿತ್ತು. ಅವರ ವಿಜ್ಞಾನ ಗಟ್ಟಿಯಾಗಿತ್ತು. ಆದರೆ 2012ರ ಮಾರ್ಚ್‌ನಲ್ಲಿ, ಮಿಷಿಗನ್‌ನ ಲಿವೋನಿಯಾ ಕಾರ್ಖಾನೆಯಲ್ಲಿದ್ದ ನಾಲ್ಕು ವೆಲ್ಡಿಂಗ್ ಯಂತ್ರಗಳಲ್ಲಿ ಒಂದರ ಕ್ಯಾಲಿಬ್ರೇಶನ್ ತಪ್ಪಿ ಸೆಲ್ಲುಗಳು ಕೆಟ್ಟಿವೆ ಎಂದು ಕಂಪನಿ ಪ್ರಕಟಿಸಬೇಕಾಯಿತು. ಬದಲಿಸಿಕೊಡುವ ಖರ್ಚು ಸುಮಾರು 5.5 ಕೋಟಿ ಡಾಲರ್. ಬೇರೆ ಕಾರಣಗಳೂ ಇದ್ದವು, ನಿಜ. ಆ ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊಂಡದ್ದು ಚೀನಾದ ವಾನ್‌ಶಿಯಾಂಗ್. ಅಮೆರಿಕದಲ್ಲಿ ಹುಟ್ಟಿದ ಈ ಪುಡಿಯನ್ನು ಟನ್ನುಗಟ್ಟಲೆ ಅಗ್ಗವಾಗಿ ಮಾಡಲು ಕಲಿತವರು ಚೀನಾದವರೇ. ಅವರು ಬರೀ ನಕಲು ಮಾಡಿದರು ಎಂಬ ಮಾತು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಕುಲುಮೆಯ ಮುಂದೆ ನಿಂತು ಕಲಿತ ವಿದ್ಯೆ ಅದು.

ಈಗ ಆ ಬ್ಯಾಟರಿ ನಮ್ಮ ಬಾಗಿಲಿಗೇ ಬಂದಿದೆ. ಅಬುಧಾಬಿಯಲ್ಲಿ ಹಗಲೂ ರಾತ್ರಿ ಒಂದೇ ಸಮನೆ 1 ಗಿಗಾವ್ಯಾಟ್ ಕೊಡಲು 5.2 ಗಿಗಾವ್ಯಾಟ್ ಸೋಲಾರ್, 19 ಗಿಗಾವ್ಯಾಟ್-ಅವರ್ ಬ್ಯಾಟರಿಯ ಯೋಜನೆಯನ್ನು ಮಸ್ದಾರ್ 2025ರ ಜನವರಿಯಲ್ಲಿ ಪ್ರಕಟಿಸಿತು. ಬ್ಯಾಟರಿಗೆ ಆರಿಸಿಕೊಂಡದ್ದು ಚೀನಾದ ಸಿಎಟಿಎಲ್ ಅನ್ನು. ಎಣ್ಣೆ ಮುಗಿದರೆ ನಮ್ಮ ಗತಿಯೇನು ಎಂದು ಊಟದ ಹೊತ್ತಿನಲ್ಲಿ ಚರ್ಚೆ ಮಾಡುವ ಇನ್‌ಸ್ಟ್ರುಮೆಂಟ್, ಎಚ್‌ವಿಎಸಿ, ಕ್ಯುಎ ಕೆಲಸದ ಗೆಳೆಯರು ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಲಿ: ಕುಲುಮೆಯ ತಾಪ, ಗ್ಯಾಸ್ ಸೀಲು, ಒಣ ಗಾಳಿ, ಕ್ಯಾಲಿಬ್ರೇಶನ್. ಇವೆಲ್ಲ ನಾವು ದಿನವೂ ಮಾಡುವ ಕೆಲಸಗಳೇ ತಾನೆ?

ನಮ್ಮ ನಾಡಿನಲ್ಲೂ ಬಳ್ಳಾರಿ ಸೀಮೆಯಲ್ಲಿ ಎಪ್ಸಿಲಾನ್ ಕಂಪನಿ ಕಲ್ಲಿದ್ದಲ ಡಾಂಬರಿನಿಂದ ಬ್ಯಾಟರಿಯ ಇನ್ನೊಂದು ತುದಿಗೆ ಬೇಕಾದ ಗ್ರಾಫೈಟ್ ಪುಡಿ ಮಾಡಲು ಇಳಿದಿದೆ. ಎಲ್‌ಎಫ್‌ಪಿಗಾಗಿ ಜರ್ಮನಿಯ ಮೂಸ್‌ಬುರ್ಗ್‌ನಲ್ಲಿರುವ ತಂತ್ರಜ್ಞಾನ ಕೇಂದ್ರವನ್ನೇ ಕೊಂಡುಕೊಂಡಿದೆ. ಈ ಸಲ ರಜೆಗೆ ಹೋದಾಗ ತೋರಣಗಲ್ಲು, ಹೊಸಪೇಟೆ ಕಡೆ ನೆಂಟರಿದ್ದರೆ, ಅಲ್ಲಿ ಯಾವ ಟ್ರೇಡಿನವರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಒಂದು ಮಾತು ವಿಚಾರಿಸಿ ಬನ್ನಿ.