ಮೊಟ್ಟೆಯೊಳಗಿನ ಮರಿಗೆ ಲಸಿಕೆ

ಕೋಳಿಯ ಮೊಟ್ಟೆಗೆ 21 ದಿನ ಕಾವು ದೊರೆತರೆ ಮರಿ ಹೊರಬರುವುದೆಂಬುದನ್ನು ನಾವೆಲ್ಲರೂ ಬಲ್ಲೆವು. ಹೊರಬಂದ ಮರಿಗೆ ಲಸಿಕೆ ಹಾಕುವುದೂ ಹೊಸ ಸಂಗತಿಯಲ್ಲ. ಆದರೆ ಚಿಪ್ಪು ಒಡೆಯುವುದಕ್ಕೆ ಮೂರು ದಿನ ಮುಂಚೆಯೇ, ಮೊಟ್ಟೆಯೊಳಗಿರುವ ಮರಿಗೆ ಲಸಿಕೆ ಹಾಕುವರೆಂದರೆ ಆಶ್ಚರ್ಯವಾಗಬಹುದು. ಇಷ್ಟು ಅವಸರವೇಕೆ?

ಇದಕ್ಕೆ ಮುಖ್ಯ ಕಾರಣ ಮಾರೆಕ್ ರೋಗ. ಹಂಗೆರಿಯ ಪಶುವೈದ್ಯ ಯೋಸೆಫ್ ಮಾರೆಕ್ ಇದನ್ನು 1907ರಲ್ಲಿ ವರ್ಣಿಸಿದನು. ರೋಗ ಬಲಿತ ಕೋಳಿಯ ಕಾಲು ರೆಕ್ಕೆಗಳು ಸ್ವಾಧೀನ ತಪ್ಪುವುವು. ಒಳಗಿನ ಅಂಗಗಳಲ್ಲಿ ಗಡ್ಡೆಗಳು ಬೆಳೆಯುವುವು. ಇದನ್ನು ಗುಣಪಡಿಸುವ ಔಷಧವಿಲ್ಲ. ಇದರ ಮೂಲವು ಒಂದು ಹರ್ಪಿಸ್ ವೈರಸ್ ಎಂಬುದು 1967ರಲ್ಲಿ ಗೊತ್ತಾಯಿತು. ಕೋಳಿಯ ಗರಿಗಳ ಬುಡದಲ್ಲಿ ಪಕ್ವವಾಗುವ ಈ ವೈರಸ್, ಅಲ್ಲಿಂದ ಉದುರುವ ಹೊಟ್ಟಿನೊಡನೆ ಧೂಳನ್ನು ಸೇರಿ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಕೋಳಿಮನೆಗೆ ಬಂದ ಮೊದಲ ದಿನವೇ ಮರಿಯು ಅದನ್ನು ಉಸಿರಿನೊಡನೆ ಒಳಗೆಳೆದುಕೊಳ್ಳಬಹುದು.

ಟರ್ಕಿ ಕೋಳಿಗಳಲ್ಲಿರುವ, ನಮ್ಮ ಸಾಧಾರಣ ಕೋಳಿಗೆ ಹಾನಿ ಮಾಡದ ಇಂಥದೇ ವೈರಸ್ಸಿನಿಂದ ಸಿದ್ಧವಾದ ಲಸಿಕೆ 1970ರ ಸುಮಾರಿಗೆ ಬಳಕೆಗೆ ಬಂದಿತು. ಲಸಿಕೆ ಫಲಿಸುವುದಕ್ಕೆ ಹೆಚ್ಚುಕಡಿಮೆ ಒಂದು ವಾರ ಬೇಕು. ಧೂಳಿನ ವೈರಸ್ಸಾದರೋ ಕಾಯುವುದಿಲ್ಲ. ಆದ್ದರಿಂದ ಒಂದೊಂದು ದಿನವೂ ಅಮೂಲ್ಯ. ಅಮೆರಿಕದ ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗಿನಲ್ಲಿ ಕೆಲಸ ಮಾಡುತ್ತಿದ್ದ ಶರ್ಮಾ ಮತ್ತು ಬರ್ಮೆಸ್ಟರ್, 18ನೆಯ ದಿನದ ಭ್ರೂಣಕ್ಕೆ ಈ ಲಸಿಕೆ ಕೊಟ್ಟರೆ ಮರಿಗೆ ಹುಟ್ಟುವಾಗಲೇ ರಕ್ಷಣೆ ಇರುವುದೆಂದು 1982ರಲ್ಲಿ ತೋರಿಸಿದರು. ಚಿಪ್ಪಿನೊಳಗೇ ಅದರ ರೋಗನಿರೋಧಕ ವ್ಯವಸ್ಥೆ ಕೆಲಸಕ್ಕೆ ಸಿದ್ಧವಾಗಿತ್ತು.

18ನೆಯ ದಿನವೇ ಏಕೆ? ಬಹಳ ಬೇಗ ಚುಚ್ಚಿದರೆ ಭ್ರೂಣಕ್ಕೆ ಅಪಾಯ. ತಡಮಾಡಿದರೆ ಮರಿ ಚಿಪ್ಪನ್ನು ಕುಕ್ಕತೊಡಗುವುದು. ಅಲ್ಲದೆ, ಮೊಟ್ಟೆಗಳನ್ನು ಕಾವುಪೆಟ್ಟಿಗೆಯಿಂದ ಮರಿಯೊಡೆಯುವ ಪೆಟ್ಟಿಗೆಗೆ ಸಾಗಿಸುವುದೂ ಈ ಸಮಯದಲ್ಲಿಯೇ.

1992ರಿಂದ ಅಮೆರಿಕದ ಮರಿಕೇಂದ್ರಗಳಲ್ಲಿ ಈ ಕೆಲಸಕ್ಕೆ ಯಂತ್ರಗಳು ಬಂದುವು. ಮೊದಲು ಮೊಟ್ಟೆಗೆ ಬೆಳಕು ಹಾಯಿಸಿ ನೋಡುವರು. ಬೆಳೆದ ಮರಿ ಬೆಳಕನ್ನು ತಡೆಯುವುದು. ಬರಿದಾದ ಮೊಟ್ಟೆ ಬೆಳಗುವುದು. ಬರಿದಾದುವನ್ನು ತೆಗೆದ ಮೇಲೆ, ಒಂದು ಟೊಳ್ಳು ಸೂಜಿ ಮೊಟ್ಟೆಯ ದಪ್ಪ ತುದಿಯಲ್ಲಿ ರಂಧ್ರ ಕೊರೆಯುವುದು. ಅದರೊಳಗಿನಿಂದ ಇನ್ನೊಂದು ಸಣ್ಣ ಸೂಜಿ ಗಾಳಿಯ ಕೋಣೆಯನ್ನು ದಾಟಿ, ಮರಿಯನ್ನು ಸುತ್ತುವರಿದ ದ್ರವಕ್ಕೆ 0.05 ಮಿಲಿಲೀಟರಿನಷ್ಟು ಲಸಿಕೆಯನ್ನು ಬಿಡುವುದು. ಮರಿ ಆ ದ್ರವವನ್ನು ನುಂಗುತ್ತದೆ, ಉಸಿರಿನೊಡನೆ ಎಳೆದುಕೊಳ್ಳುತ್ತದೆ. ವೈರಸ್ಸು ಸಜೀವ ಕೋಶಗಳಲ್ಲಿರುವುದರಿಂದ ಈ ಲಸಿಕೆಯನ್ನು ಸಾಮಾನ್ಯವಾಗಿ ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ದ್ರವ ನೈಟ್ರೊಜನ್ನಿನಲ್ಲಿ ಕಾಪಾಡಿ, ಕರಗಿಸಿದೊಡನೆ ಬಳಸುವರು.

ಇಷ್ಟಾದರೂ ಎರಡು ಎಚ್ಚರಿಕೆಗಳು ಅಗತ್ಯ. ಚಿಪ್ಪಿನ ರಂಧ್ರದಿಂದ ಬೂಷ್ಟೂ ಬ್ಯಾಕ್ಟೀರಿಯಗಳೂ ಒಳಹೊಗಬಹುದು. ಆದುದರಿಂದ ಸೂಜಿ, ಪೆಟ್ಟಿಗೆ, ಗಾಳಿ ಎಲ್ಲವೂ ಶುಚಿಯಾಗಿರಬೇಕು. ಎರಡನೆಯದಾಗಿ, ಈ ಲಸಿಕೆ ಗಡ್ಡೆಗಳನ್ನು ತಡೆಯುವುದೇ ಹೊರತು, ವೈರಸ್ ದೇಹವನ್ನು ಹೊಕ್ಕು ಮತ್ತೆ ಧೂಳಿಗೆ ಸೇರುವುದನ್ನು ಪೂರ್ಣವಾಗಿ ತಡೆಯಲಾರದು. ಹಿಂದಿನ ಹಿಂಡಿನ ನೆಲಹಾಸನ್ನೂ ಧೂಳನ್ನೂ ತೆಗೆದು ಕೋಳಿಮನೆಯನ್ನು ತೊಳೆಯದಿದ್ದರೆ, ಮೊಟ್ಟೆಯೊಳಗೆ ಗಳಿಸಿದ ಮೂರು ದಿನಗಳ ಲಾಭವು ಹೊರಗೆ ನಷ್ಟವಾದೀತು.